ಒಂದು ಬೆರಳು ದಪ್ಪ

ಕೋರ್ಟಿನ ಕಾಂಪೌಂಡಿಗೆ ಆನಿಸಿದ ಮೇಜು,
ಮೇಲೆ ನೀಲಿ ಟಾರ್ಪಾಲು, ಕೆಳಗೆ ನಾನು.
ಬೋರ್ಡಿನಲ್ಲಿ: ಚಿಕ್ಕಬೋರಯ್ಯ, ಬೆರಳಚ್ಚುಗಾರ.
ಮೊದಲು ಯಂತ್ರ, ಈಗ ಕಂಪ್ಯೂಟರು,
ಜೆರಾಕ್ಸ್ ಅಂಗಡಿಯಿಂದ ಎಳೆದ ಕರೆಂಟು.
ಮೂವತ್ತೊಂದು ವರ್ಷದಿಂದ ಇಲ್ಲೇ ಕೂತು
ಮೈಸೂರಿನ ಜಗಳವನ್ನೆಲ್ಲ ಕುಟ್ಟಿದ್ದೇನೆ:
ಗೋಡೆ ಒತ್ತುವರಿ, ಜೀವನಾಂಶ, ಚೆಕ್ಕು ವಾಪಸ್ಸು,
ಪಕ್ಕದವರ ಹಸು ತುಳಿದ ಪೈರು.
ಎಲ್ಲದಕ್ಕೂ ಒಂದು ‘ಯಾಕೆಂದರೆ’ ಇತ್ತು.

ಖುತೇಜಾ ಬಾನು ಬಂದಾಗ ಮಾತ್ರ
ಯಾಕೆಂದರೆಯ ಮುಂದೆ ಬೆರಳು ನಿಂತಿತು.
ಮಂಡಿ ಮೊಹಲ್ಲಾ. ಇನ್‌ಲೇ ಕೆಲಸದ ಇನಾಯತುಲ್ಲಾನ ಹೆಂಡತಿ.
ನಸುಕಿನಲ್ಲಿ ಬಂದು ಕರೆದುಕೊಂಡು ಹೋದರಂತೆ,
ಒಂದು ಕಾಲಿಗೆ ಚಪ್ಪಲಿ ಹಾಕಿ
ಇನ್ನೊಂದಕ್ಕೆ ತಡಕುತ್ತಿದ್ದವನನ್ನು.
ಆ ಇನ್ನೊಂದು, ಆಮೇಲೆ, ಮಂಚದ ಕೆಳಗೇ ಸಿಕ್ಕಿತು.
ನಾಲ್ಕು ವರ್ಷ ತುಂಬಿತು ಈ ಆಷಾಢಕ್ಕೆ.

ಆರೋಪ ಏನಮ್ಮಾ?
‘ಆ ಕಾಯ್ದೆಯಣ್ಣಾ. ದೊಡ್ಡದು.’
ಏನು ಮಾಡಿದನಂತೆ?
‘ಅದು ಲಕೋಟೆಯಲ್ಲಿದೆ.’

ಲಕೋಟೆಯನ್ನು ಅವಳು ನೋಡಿದ್ದಾಳೆ,
ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದ ದಿನ.
ಕಂದು ಬಣ್ಣ, ಮೂರು ಕಡೆ ಅರಗಿನ ಮುದ್ರೆ.
ಸಾಹೇಬರು ಒಡೆದರು, ಓದಿದರು,
ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು,
ಮತ್ತೆ ಅಂಟಿಸಲು ಹೇಳಿದರು.
ಏನಿದೆ ಎಂದು ಅವಳ ವಕೀಲರು ಎದ್ದರೆ
‘ದೇಶದ ವಿಷಯ’ ಎಂದು ಆ ಕಡೆಯವರು ಕೂರಿಸಿದರು.
ಜಾಮೀನಿಲ್ಲ. ಮುಂದಿನ ತಾರೀಕು.

ಅವಳು ನನ್ನನ್ನು ಕೇಳಿದ್ದು ಕಾನೂನಲ್ಲ.
ತೋರುಬೆರಳು ಅಡ್ಡ ಹಿಡಿದು,
‘ಇಷ್ಟು ದಪ್ಪ ಇತ್ತಣ್ಣಾ. ಎಷ್ಟು ಹಾಳೆ?’
ಹಾಳೆ ನನಗೆ ಗೊತ್ತು.
ಹೊಸ ರೀಮಿನ ಪಕ್ಕ ಅವಳ ಬೆರಳಿಡಿಸಿ ಅಳೆದೆ.
ನೂರೈವತ್ತು. ಪುಟಕ್ಕೆ ಮೂವತ್ತು ಸಾಲು.
ನಾಲ್ಕೂವರೆ ಸಾವಿರ ಸಾಲು.
ಬಹಳ ಹೊತ್ತು ಸುಮ್ಮನಿದ್ದಳು.
‘ಹನ್ನೊಂದು ವರ್ಷ ಸಂಸಾರ ಮಾಡಿದೀನಿ.
ನನಗೇ ಗೊತ್ತಿಲ್ಲ ಅವರ ವಿಷಯ ಅಷ್ಟು.’
ಆಮೇಲೆ, ‘ನನಗೆ ಗೊತ್ತಿರೋದು ಟೈಪ್ ಮಾಡಿ.’

ಹೇಳಿ ಬರೆಸಿದಳು:
ಬೀಟೆಯಲ್ಲಿ ಆನೆಯ ಕಣ್ಣಿನಷ್ಟು ಕೊರೆದು
ಹಲಸಿನ ಚೂರು ಕೂರಿಸುವಾಗ ಉಸಿರು ಹಿಡಿಯುತ್ತಿದ್ದರು.
ಸಕ್ಕರೆ ಕಮ್ಮಿ ಚಹಾ, ಸಂಜೆ, ಹೊರಗೆ.
ಎಡ ಹೆಬ್ಬೆರಳಿಗೆ ಅರ್ಧ ಉಗುರಿಲ್ಲ.
ಮಗಳ ಪುಸ್ತಕಕ್ಕೆ ರಟ್ಟು ಹಾಕುವುದಕ್ಕೂ
ಅದೇ ಕೂದಲೆಳೆ ಬ್ಲೇಡು ಬೇಕು.
ಸಯ್ಯಾಜಿರಾವ್ ರಸ್ತೆಯ ಅಂಗಡಿಯವರು ಹೇಳಿದ್ದಕ್ಕೆ
ಕನ್ನಂಬಾಡಿ ಕಟ್ಟೆಯ ಚಿತ್ರ ಮಾಡಿದ್ದರು, ಎರಡಡಿ ಉದ್ದ,
ಅಲ್ಲಿಗೇ ಹೋಗಿ ತೂಬುಗಳನ್ನೆಲ್ಲ ಎಣಿಸಿ, ಒಂದೂ ತಪ್ಪದ ಹಾಗೆ

ನಿಲ್ಲಿಸಿದಳು.
‘ಅಣ್ಣಾ, ಅದೇ ಇರಬಹುದಾ?
ಎಣಿಸಿದ್ದು?’

ಕೀಲಿಗಳ ಮೇಲೆ ಕೈಯಿಟ್ಟುಕೊಂಡು ನಾನೂ ಯೋಚಿಸಿದೆ.
ಹೇಳಲು ನಾಚಿಕೆ: ಒಂದು ಕ್ಷಣ
ಎಣಿಸಿದ್ದು ಯಾಕೆ, ಅಂದುಕೊಂಡೆ.
ನೂರು ಮೈಲಿ ಆಚೆ ಬೀರುವಿನಲ್ಲಿದ್ದ ಲಕೋಟೆ
ನನ್ನ ಮೇಜಿನ ಮೇಲೆ ಕೆಲಸ ಮಾಡುತ್ತಿತ್ತು.

‘ಆ ಸಾಲು ತೆಗೆದುಬಿಡಿ.’
ತೆಗೆದೆ.
ಚಹಾ ಹೊರಗೆ ಯಾರ ಜೊತೆ ಅಂತ ಕೇಳಿದರೆ? ತೆಗೆದೆ.
ಬ್ಲೇಡು. ಅಯ್ಯೋ, ಬ್ಲೇಡು ಬೇಡವೇ ಬೇಡ.
ಉಸಿರು ಹಿಡಿಯುತ್ತಿದ್ದರು ಅನ್ನೋದೂ ಯಾಕೋ,
ಏನೋ ಬಚ್ಚಿಟ್ಟಂಗಿದೆ ಅಣ್ಣಾ, ಬೇಡ.
ಕೊನೆಗೆ ಪುಟದಲ್ಲಿ ಉಳಿದದ್ದು
ಅವನ ಹೆಸರು, ಅಪ್ಪನ ಹೆಸರು, ಮನೆ ನಂಬರು,
ಅರ್ಧ ಉಗುರು.

ಬೇಡವೆಂದರೂ ಇಪ್ಪತ್ತು ರೂಪಾಯಿ ಕೊಟ್ಟಳು,
ರಸೀತಿ ಕೇಳಿದಳು.
‘ಎಲ್ಲದಕ್ಕೂ ಕಾಗದ ಇರಲಿ.’

ಅಳಿಸಿದ್ದು ಅಳಿಯುವುದಿಲ್ಲವಂತೆ, ನನ್ನ ಮಗ ಹೇಳುತ್ತಾನೆ,
ಒಳಗೆಲ್ಲೋ ಇರುತ್ತದಂತೆ, ತೆಗೆಯುವವರಿಗೆ ಸಿಗುತ್ತದಂತೆ.
ಸಂಜೆ ಟಾರ್ಪಾಲು ಬಿಚ್ಚಿ ಮಡಚಿದೆ.
ಹೊರಟವನು ತಿರುಗಿ ಬಂದು, ಪಂಚೆಯ ಚುಂಗಿನಿಂದ
ಕೀಲಿಗಳನ್ನು ಒಂದೊಂದಾಗಿ ಒರೆಸಿದೆ.
ಬೋರ್ಡಿನಲ್ಲಿ ನಾನೇ ಬರೆಸಿದ ಪದ
ದೀಪದ ಬೆಳಕಿಗೆ ಬೇರೆಯೇ ಓದಿಸಿತು.